ಬೆಂಕಿ ಬರಹಕ್ಕೆ ಬೀಗ ಯಾಕೆ?



ಈ ತಿಂಗಳ ಗೋಡೆಪತ್ರಿಕೆಯಲ್ಲಿ ಸಂಪಾದಕ ಮಂಡಳಿಯವರು ನನಗೆ ಐದು ಡ್ರಾಯಿಂಗ್ ಶೀಟು ಕೊಟ್ಟಿದ್ದಾರೆ. ಕವನ ಬರೆದವರಿಗೆ ಅರ್ಧ ಶೀಟು, ನನಗೆ ಐದು. ಸಿಟ್ಟಾಗಬೇಡಿರಿ, ವಿಷಯವೇ ಅಷ್ಟು ಉದ್ದ ಇದೆ. ಕೊನೆಯ ಎರಡು ಹಾಳೆ ಗೋಡೆಯಲ್ಲಿ ಜಾಗ ಸಾಲದೆ ತಗ್ಗಿನಲ್ಲಿ ಅಂಟಿಸಿದ್ದೇವೆ. ಎತ್ತರದವರು ಕುಂತು ಓದಿರಿ.

ವೃತ್ತಿ ಶಿಕ್ಷಣದ ಕೋಣೆಯಲ್ಲಿ ಕಿಟಕಿ ಕಡೆ ಇರುವ ಕಬ್ಬಿಣದ ಕಪಾಟಿಗೆ ಆಗಸ್ಟ್ ತಿಂಗಳಿನಿಂದ ಬೀಗ ಬಿದ್ದಿದೆ. ಒಳಗೆ ಎರಡು ಸೋಲ್ಡರಿಂಗ್ ಐರನ್ನು, ಮರದ ಮೇಲೆ ಸುಟ್ಟು ಬರೆಯುವ ಒಂದು ಕಿಟ್ಟು, ಅರ್ಧಕ್ಕೆ ನಿಂತ ಹದಿನಾರು ಹಲಗೆಗಳಿವೆ. ಹದಿನಾರರಲ್ಲಿ ಒಂದು ನನ್ನದು. ಎಂಟನೆಯ ತರಗತಿಯ ಒಬ್ಬ ಹುಡುಗಿಯ ಅಂಗೈ ಸುಟ್ಟ ದಿನ ಆ ಬೀಗ ಬಿತ್ತು. ಅದು ಇವತ್ತಿಗೂ ತೆರೆದಿಲ್ಲ.

ಬರುವ ಶನಿವಾರ ಶಾಲಾಭಿವೃದ್ಧಿ ಸಮಿತಿಯ ಸಭೆ ಇದೆ. ಹಳೇ ವಿದ್ಯಾರ್ಥಿಗಳು ಕರಕುಶಲಕ್ಕೆಂದು ಕೊಟ್ಟ ಆರು ಸಾವಿರ ರೂಪಾಯಿ ಏನು ಮಾಡಬೇಕು ಎಂಬುದು ಅಲ್ಲಿ ತೀರ್ಮಾನ ಆಗುತ್ತದೆ. ಹೊರಗೆ ಕೇಳಿಬರುವ ಮಾತು ಮೂರು. ಒಂದು, ಇದ್ದ ಹಣವನ್ನೆಲ್ಲ ಹಾಕಿ ಒಂದು ದೊಡ್ಡ ಮಷಿನ್ ತರೋಣ. ಎರಡು, ಬೆಂಕಿಯ ಕೆಲಸ ಹುಡುಗರಿಗೆ ಇರಲಿ, ಹುಡುಗಿಯರು ಕಸೂತಿ ಹಾಕಲಿ. ಮೂರು, ಇದ್ಯಾವುದೂ ಬೇಡ, ಕೇರಂ ಬೋರ್ಡು ತರೋಣ. ಮೂರೂ ತಪ್ಪು ಎಂಬುದು ನನ್ನ ಅಭಿಪ್ರಾಯ. ಸಭೆಯಲ್ಲಿ ಮಕ್ಕಳಿಗೆ ಮಾತಾಡಲು ಬಿಡುವುದಿಲ್ಲ, ಆದ್ದರಿಂದ ಗೋಡೆಯ ಮೇಲೆ ಬರೆಯುತ್ತಿದ್ದೇನೆ. ಸಮಿತಿಯವರು ಸಭೆಗೆ ಹೋಗುವುದು ಇದೇ ಗೋಡೆಯ ಮುಂದಿನಿಂದಲೇ.

ಗೊತ್ತಿಲ್ಲದವರಿಗಾಗಿ ಒಂದು ಮಾತು. ಕಾದ ಲೋಹದ ತುದಿಯಿಂದ ಮರದ ಮೇಲೆ ಬರೆಯುವುದಕ್ಕೆ ಪೈರೋಗ್ರಫಿ ಎನ್ನುತ್ತಾರೆ. ಅದು ಗ್ರೀಕ್ ಮೂಲದ ಪದ, ಬೆಂಕಿಯಿಂದ ಬರೆಯುವುದು ಎಂದೇ ಅರ್ಥ. ಇಂಗ್ಲಿಷಿನಲ್ಲಿ ಇದಕ್ಕೆ ಇನ್ನೊಂದು ಹಳೆಯ ಹೆಸರು ಪೋಕರ್ ವರ್ಕ್. ಪೋಕರ್ ಅಂದರೆ ಒಲೆ ಕೆದಕುವ ಸಲಾಕೆ. ಸುಮಾರು 1900ರ ಹೊತ್ತಿಗೆ ಯುರೋಪು, ಅಮೆರಿಕದಲ್ಲಿ ಇದು ಮನೆಮನೆಯ ಹವ್ಯಾಸವಾಗಿತ್ತಂತೆ. ಅಷ್ಟು ದೂರ ಯಾಕೆ ಹೋಗಬೇಕು? ನಮ್ಮ ಅಜ್ಜ ಊರಿನ ಬಡಿಗ. ಅಜ್ಜ ಮಾಡಿದ ನೊಗ, ಕೂರಿಗೆ, ಗುದ್ದಲಿ ಕಾವುಗಳ ಮೇಲೆ ಯಾರ ಮನೆಯದು ಎಂದು ಕಾದ ಕಬ್ಬಿಣದ ಕಡ್ಡಿಯಿಂದ ಗುರುತು ಹಾಕಿ ಕೊಡುತ್ತಿದ್ದ. ಬಣ್ಣದಲ್ಲಿ ಬರೆದರೆ ಮಳೆಗೆ ಹೋಗುತ್ತದೆ, ಸುಟ್ಟು ಬರೆದರೆ ಹೋಗುವುದಿಲ್ಲ. ಅಜ್ಜ ತೀರಿಕೊಂಡು ಒಂಬತ್ತು ವರ್ಷವಾಯಿತು. ಓಣಿಯಲ್ಲಿ ಹತ್ತು ಮನೆ ತಿರುಗಿದರೆ ಅವನ ಕೈ ಬರಹ ಇನ್ನೂ ಕಾಣುತ್ತದೆ. ಕೊಳಲು ಮಾಡುವವರು ಬಿದಿರಿಗೆ ತೂತು ಹಾಕುವುದೂ ಕಾದ ಸಲಾಕೆಯಿಂದಲೇ. ಛತ್ತೀಸ್‌ಗಢದ ಬಸ್ತರ್‌ನಲ್ಲಿ ಒಣಗಿದ ಸೋರೆ ಬುರುಡೆಯ ಮೇಲೆ ಕಾಸಿದ ಚಾಕುವಿನಿಂದ ಚಿತ್ರ ತೆಗೆಯುವ ಜನ ಇದ್ದಾರೆ. ಇದನ್ನು ಪರದೇಶದ ಆಟ ಅನ್ನುವವರು ತಮ್ಮ ಮನೆಯ ಅಟ್ಟ ಹತ್ತಿ ಹಳೆಯ ನೊಗ ನೋಡಲಿ.

ಈಗ ದೊಡ್ಡ ಮಷಿನ್ ಮಾತಿಗೆ ಬರೋಣ.

ಸುಡುವ ಸಾಧನಗಳಲ್ಲಿ ಎರಡು ಮುಖ್ಯ ಜಾತಿ. ಒಂದು ಗಟ್ಟಿ ತುದಿಯದು, ನೋಡಲು ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ನಿನಂತೆಯೇ. ಹಿಡಿಕೆಯ ಮುಂದೆ ಒಂದು ನಳಿಗೆ, ಅದರೊಳಗೆ ಕಾಯುವ ಸುರುಳಿ, ತುದಿಗೆ ಹಿತ್ತಾಳೆಯ ಅಥವಾ ತಾಮ್ರದ ಬಿಟ್ಟು. ಕರೆಂಟು ಸುರುಳಿಯನ್ನು ಕಾಸುತ್ತದೆ, ಸುರುಳಿ ಬಿಟ್ಟನ್ನು ಕಾಸುತ್ತದೆ. ಆದ್ದರಿಂದ ಕಾಯಲು ಐದಾರು ನಿಮಿಷ ಬೇಕು, ಆರಲು ಅದಕ್ಕಿಂತ ಜಾಸ್ತಿ. ಇನ್ನೊಂದು ತಂತಿ ನಿಬ್ಬಿನದು. ಅದರ ತುದಿ ನಿಕ್ರೋಮ್ ತಂತಿ, ನಿಕಲ್ ಮತ್ತು ಕ್ರೋಮಿಯಂ ಸೇರಿದ ಮಿಶ್ರಲೋಹ. ಇಸ್ತ್ರಿ ಪೆಟ್ಟಿಗೆಯಲ್ಲಿ ಇರುವುದೂ ಅದೇ ಜಾತಿಯ ತಂತಿ. ಟ್ರಾನ್ಸ್‌ಫಾರ್ಮರ್ ಇರುವ ಪೆಟ್ಟಿಗೆ 230 ವೋಲ್ಟನ್ನು ಕೆಲವೇ ವೋಲ್ಟಿಗೆ ಇಳಿಸಿ, ಆಂಪಿಯರ್ ಹೆಚ್ಚಿಸಿ ನೇರ ಆ ತಂತಿಗೇ ಬಿಡುತ್ತದೆ. ಕೆಲವು ಸೆಕೆಂಡಿನಲ್ಲಿ ಕಾಯುತ್ತದೆ, ಗುಂಡಿ ತಿರುವಿದರೆ ಬೇಗ ಆರುತ್ತದೆ. ಪೆನ್ನು ಸಪೂರ, ಬೆರಳು ತುದಿಗೆ ಹತ್ತಿರ ಇರುವುದರಿಂದ ಕೂದಲೆಳೆಯಂಥ ಗೆರೆಯೂ ಬರುತ್ತದೆ. ಹಕ್ಕಿಯ ಗರಿ, ಮುದುಕರ ಗಡ್ಡ, ಇಂಥದಕ್ಕೆಲ್ಲ ಅದೇ ಸರಿ. ಸುಳ್ಳು ಯಾಕೆ ಹೇಳಲಿ, ನನಗೂ ಅದರ ಆಸೆ ಇದೆ.

ಆದರೂ ಶಾಲೆಗೆ ಬೇಡ ಅನ್ನುತ್ತೇನೆ. ಒಂದು ಮಷಿನ್ ತಂದರೆ ಒಬ್ಬರು ಬರೆಯುತ್ತಾರೆ, ಮೂವತ್ತು ಮಂದಿ ಸುತ್ತ ನಿಂತು ಕತ್ತು ಚಾಚುತ್ತಾರೆ. ಗಲಾಟೆಯಲ್ಲೇ ಕೈ ಸುಡುವುದು. ನಿಬ್ಬಿನ ತಂತಿ ಒತ್ತಿ ಬರೆದರೆ ಬಾಗುತ್ತದೆ, ಮತ್ತೆ ಮತ್ತೆ ಬಾಗಿದರೆ ಮುರಿಯುತ್ತದೆ. ಹೊಸಬರು ಒತ್ತದೇ ಇರುವುದಿಲ್ಲ, ಬಾಲ್‌ಪೆನ್ನಿನ ರೂಢಿ. ಬಿಡಿ ನಿಬ್ಬು ನಮ್ಮ ಪೇಟೆಯಲ್ಲಿ ಸಿಗುವುದಿಲ್ಲ. ಸೋಲ್ಡರಿಂಗ್ ಐರನ್ನಿನ ಬಿಟ್ಟು ಹುಬ್ಬಳ್ಳಿಯ ಎಲೆಕ್ಟ್ರಿಕ್ ಅಂಗಡಿಗಳಲ್ಲಿ ಸಿಗುತ್ತದೆ, ಬೆಲೆಯೂ ಕಡಿಮೆ.

ಕಪಾಟಿನಲ್ಲಿರುವ ಕಿಟ್ಟಿನ ಕತೆಯನ್ನೂ ಹೇಳುತ್ತೇನೆ, ಯಾಕೆಂದರೆ ಅದನ್ನು ಮೊಬೈಲಿನಲ್ಲಿ ತರಿಸಿದವನು ನಮ್ಮಣ್ಣ. ಪೆಟ್ಟಿಗೆ ಬಿಚ್ಚಿದ ದಿನ ಮನೆಯಲ್ಲಿ ಹಬ್ಬ. ಮೂವತ್ತಕ್ಕೂ ಹೆಚ್ಚು ತುದಿಗಳು, ಚಂದ್ರ, ನಕ್ಷತ್ರ, ಎಲೆ, ಹೃದಯ. ಅಪ್ಪ ಒಂದೊಂದೇ ಎತ್ತಿ ನೋಡಿ, "ಇವೆಲ್ಲಾ ಠಸ್ಸೆ ಅದಾವು, ಬರಿಯಾಕ ಬರೋದು ಮೂರ ಮೂರು" ಅಂದ. ಅಣ್ಣನಿಗೆ ಸಿಟ್ಟು ಬಂತು. ಎರಡು ತಿಂಗಳು ಆದ ಮೇಲೆ ಎಣಿಸಿದರೆ ನಾವು ಬಳಸಿದ್ದು ಮೂರೇ: ಉಳಿಯ ಮೂತಿಯದು, ಗುಂಡು ತುದಿಯದು, ನೆರಳು ತುಂಬಲು ಚಪ್ಪಟೆಯದು. ಕಾದಾಗಲೇ ತುದಿ ಬದಲಿಸಲು ಹೋಗಿ ಹಿತ್ತಾಳೆಯ ಮರೆ ಸವೆದು ಎರಡು ತುದಿ ಸಡಿಲಾದವು. ಬಿಸಿ ಹಿತ್ತಾಳೆ ಮೆತ್ತಗಿರುತ್ತದೆ, ತುದಿಯನ್ನು ಪೂರ್ತಿ ಆರಿದ ಮೇಲೆಯೇ ತಿರುವಬೇಕು. ಪ್ಲಗ್ಗಿಗೆ ಎರಡೇ ಪಿನ್ನು, ಅರ್ಥಿಂಗ್ ಇಲ್ಲ. ಅರ್ಧ ತಾಸಿಗೆ ಹಿಡಿಕೆಯೂ ಬಿಸಿ. ಅಂಗಡಿಯ ಹೆಸರು ಬರೆಯುವುದಿಲ್ಲ, ಅದರಿಂದ ಏನೂ ಆಗುವುದಿಲ್ಲ. ಆದರೆ ಕೊಳ್ಳುವಾಗ ತುದಿ ಎಷ್ಟಿವೆ ಎಂದು ಎಣಿಸಬೇಡಿರಿ. ಪ್ಲಗ್ಗಿಗೆ ಮೂರು ಪಿನ್ನು ಇದೆಯೇ, ವೈರು ಮೆತ್ತಗಿದೆಯೇ, ಹಿಡಿಯುವ ಜಾಗದಿಂದ ತುದಿ ಎಷ್ಟು ದೂರ, ಬಿಡಿ ತುದಿ ನಮ್ಮ ಪೇಟೆಯಲ್ಲಿ ಸಿಗುತ್ತದೆಯೇ ಎಂದು ನೋಡಿರಿ. ತುದಿ ಬೆರಳಿನಿಂದ ದೂರ ಹೋದಷ್ಟೂ ಗೆರೆ ನಡುಗುತ್ತದೆ. ಉದ್ದ ಕೋಲಿನ ತುದಿಗೆ ಸೀಸದಕಡ್ಡಿ ಕಟ್ಟಿ ನಿಮ್ಮ ಹೆಸರು ಬರೆದು ನೋಡಿರಿ, ಗೊತ್ತಾಗುತ್ತದೆ.

ಆದ್ದರಿಂದ ನನ್ನ ಲೆಕ್ಕ ಇದು. 25 ವ್ಯಾಟಿನ ಸಾದಾ ಸೋಲ್ಡರಿಂಗ್ ಐರನ್ನು ಇನ್ನೂ ನಾಲ್ಕು ತರೋಣ, ಹೊಸವೇ ಬೇಕು. ರಿಪೇರಿ ಅಂಗಡಿಯಲ್ಲಿ ಬಳಸಿದ್ದು ಬೇಡ, ಅದರ ತುದಿಗೆ ಬೆಸುಗೆಯ ಸೀಸ ಅಂಟಿರುತ್ತದೆ, ಸೀಸ ವಿಷ. ಗಟ್ಟಿ ತಾಮ್ರದ ಬಿಟ್ಟು ಇದ್ದರೆ ಅರದಿಂದ ಉಜ್ಜಿ ಬೇಕಾದ ಮೂತಿ ಮಾಡಿಕೊಳ್ಳಬಹುದು, ಅಪ್ಪ ಮಾಡಿಕೊಡುತ್ತಾನೆ. ಮೇಲೆ ಬೇರೆ ಲೋಹದ ಲೇಪ ಇರುವ ಬಿಟ್ಟನ್ನು ಮಾತ್ರ ಅರ ಹಾಕಬಾರದು, ಲೇಪ ಹೋದರೆ ಕೆಲಸ ಕೆಟ್ಟಿತು. ಪ್ರತಿಯೊಂದಕ್ಕೂ ಸುರುಳಿ ತಂತಿಯ ಸ್ಟ್ಯಾಂಡು. ಇದನ್ನು ಕೆಳಗೆ ಮತ್ತೆ ಹೇಳುತ್ತೇನೆ. ನಂತರ ಒಂದು ಬೋರ್ಡು: ಅರ್ಥಿಂಗ್ ಇರುವ ಪ್ಲಗ್ಗುಗಳು, ಶಾಕ್ ಹೊಡೆದರೆ ತಾನೇ ಕಡಿಯುವ ಟ್ರಿಪ್ ಸ್ವಿಚ್ಚು, ಬಿಸಿ ಹೆಚ್ಚು ಕಡಿಮೆ ಮಾಡಲು ಬಲ್ಬಿನ ಬೆಳಕು ತಗ್ಗಿಸುವಂಥ ರೆಗ್ಯುಲೇಟರು. ಇದನ್ನು ಲೈಸೆನ್ಸ್ ಇರುವ ವೈರಮನ್ ಕೈಯಿಂದಲೇ ಮಾಡಿಸಬೇಕು. ನಾವು ಹುಡುಗರು ಕೈ ಹಾಕುವ ಕೆಲಸ ಅಲ್ಲ. ಉಳಿದ ಹಣದಲ್ಲಿ ಪಾಲಿಶ್ ಪೇಪರ್ ಮತ್ತು ಮರ. ಕೇರಂ ಬೋರ್ಡಿಗೂ ಸ್ವಲ್ಪ ಉಳಿದರೆ ಬೇಡ ಅನ್ನುವುದಿಲ್ಲ.

ರೆಗ್ಯುಲೇಟರು ಯಾಕೆ ಎಂದು ಕೇಳಬಹುದು. ಹತ್ತನೆಯವರು ಜೂಲ್ ನಿಯಮ ಓದಿದ್ದೇವಲ್ಲ, ಅದನ್ನು ಬರೀ ಪರೀಕ್ಷೆಗೆ ಇಟ್ಟರೆ ಹೇಗೆ? ರೋಧ ಅಷ್ಟೇ ಇದ್ದರೆ, ಕಾವು ವೋಲ್ಟಿನ ವರ್ಗದಂತೆ ಏರಿಳಿಯುತ್ತದೆ. 230 ವೋಲ್ಟಿನಲ್ಲಿ 25 ವ್ಯಾಟು ಕೊಡುವ ಐರನ್ನು, ಸಂಜೆ ಊರಲ್ಲಿ ವೋಲ್ಟು 180ಕ್ಕೆ ಇಳಿದರೆ ಸುಮಾರು 15 ವ್ಯಾಟು ಅಷ್ಟೇ ಕೊಡುತ್ತದೆ. ಮಾಡಿ ನೋಡಿರಿ, 180ನ್ನು 230ರಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿ, 25ರಿಂದ ಗುಣಿಸಿರಿ. ಬೆಳಿಗ್ಗೆ ಕಪ್ಪಗೆ ಬಂದ ಗೆರೆ ಸಂಜೆ ಚಹದ ಬಣ್ಣಕ್ಕೆ ಯಾಕೆ ಬರುತ್ತಿತ್ತು ಎಂದು ಒಂದು ತಿಂಗಳು ನಾನು ನನ್ನ ಕೈಯನ್ನೇ ಬೈದುಕೊಂಡಿದ್ದೆ. ತಪ್ಪು ಕೈಯದಲ್ಲ, ವೋಲ್ಟಿನದು. ಮರ 200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕಂದತೊಡಗುತ್ತದೆ, 300ರ ಆಸುಪಾಸು ಇದ್ದಿಲಾಗುತ್ತದೆ. ನಮ್ಮ ಚಿತ್ರವೆಲ್ಲ ಈ ಎರಡರ ನಡುವಿನ ಬಣ್ಣಗಳಲ್ಲೇ ಇರುವುದು.

ಕರೆಂಟೇ ಇಲ್ಲದ ದಿನ ವಿಜ್ಞಾನ ಕೋಣೆಯ ಪೀನ ಮಸೂರ ಇದೆ. ಬಿಸಿಲನ್ನು ಒಂದು ಚುಕ್ಕೆಗೆ ಕೂಡಿಸಿ ಹಲಗೆಯ ಮೇಲೆ ಮೆಲ್ಲಗೆ ಜರುಗಿಸಿದರೆ ಗೆರೆ ಬೀಳುತ್ತದೆ. ನಾನು ಒಂದು ತಾಸಿನಲ್ಲಿ 'ಅ' ಬರೆದೆ. ಆ ಚುಕ್ಕೆಯನ್ನು ಬರಿಗಣ್ಣಿನಿಂದ ದಿಟ್ಟಿಸಬಾರದು. ಮಸೂರವನ್ನು ಬಿಸಿಲಲ್ಲಿ ಮರೆತು ಬರಲೂಬಾರದು, ಬಣವೆ ಹತ್ತಿರ ಇದ್ದರಂತೂ ಬೇಡವೇ ಬೇಡ.

ಇಲ್ಲಿ ಇನ್ನೊಂದು ಮಾತು, ಇದನ್ನು ಕೆಂಪು ಮಸಿಯಲ್ಲಿ ಬರೆಯಿರಿ ಎಂದು ಸಂಪಾದಕರಿಗೆ ಹೇಳಿದ್ದೇನೆ. ಹಲಗೆಯ ಮೇಲೆ ಮಿಂಚಿನ ಬೇರಿನಂತೆ ತಾನೇ ಚಿತ್ರ ಹರಿದಾಡುವ ವಿಡಿಯೋ ಮೊಬೈಲಿನಲ್ಲಿ ಬರುತ್ತದೆ. ಹಳೆಯ ಮೈಕ್ರೋವೇವ್ ಒಲೆಯ ಟ್ರಾನ್ಸ್‌ಫಾರ್ಮರ್ ಬಿಚ್ಚಿ ಮಾಡುತ್ತಾರೆ. ಅದು 2000 ವೋಲ್ಟಿನ ಸುಮಾರಿಗೆ ಇರುತ್ತದೆ. ಅದನ್ನು ಮಾಡಲು ಹೋಗಿ ಬೇರೆ ದೇಶಗಳಲ್ಲಿ ಹಲವರು ಸತ್ತಿದ್ದಾರೆ, ಕೈಪಳಗಿದ ಬಡಿಗರೂ ಅದರಲ್ಲಿದ್ದಾರೆ. ಅಮೆರಿಕದ ಮರದ ತಿರುಗಣೆ ಕೆಲಸದವರ ಸಂಘ ಅದನ್ನು ತನ್ನ ಕಾರ್ಯಕ್ರಮಗಳಲ್ಲಿ ಮಾಡುವಂತಿಲ್ಲ ಎಂದು ಇಟ್ಟಿದೆ. ಮುಟ್ಟಿದವನಿಗೆ ಕೈ ಬಿಡಿಸಿಕೊಳ್ಳಲೂ ಸಮಯ ಇರುವುದಿಲ್ಲ. ಅದು ಬೆಂಕಿ ಬರಹ ಅಲ್ಲ. ನಮ್ಮಣ್ಣ ಆ ವಿಡಿಯೋ ನೋಡಿ ಗುಜರಿ ಅಂಗಡಿಗೆ ಹೊರಟಿದ್ದ. ಅವ್ವ ಬಾಗಿಲಿಗೆ ಅಡ್ಡ ನಿಂತಳು.

ಈಗ ಹುಡುಗಿಯರ ವಿಷಯ.

ಸಮಿತಿಯ ಹಿರಿಯರೊಬ್ಬರು ಅಪ್ಪನ ಮುಂದೆ ಅಂದರಂತೆ: "ಹೆಣ್ಣುಮಕ್ಕಳ ಕೈ ಸುಟ್ಟು ಕಲಿ ಬಿತ್ತು ಅಂದ್ರ ಮುಂದ ಲಗ್ನಕ್ಕ ತ್ರಾಸ ಆಗತೈತಿ ನೋಡ." ಕಾಕಾ, ನಿಮ್ಮ ಮೇಲೆ ಗೌರವ ಇದೆ, ಆದರೂ ಕೇಳುತ್ತೇನೆ. ನಮ್ಮ ತರಗತಿಯಲ್ಲಿ ಹತ್ತೊಂಬತ್ತು ಹುಡುಗಿಯರಿದ್ದೇವೆ. ಅದರಲ್ಲಿ ಹದಿನೈದು ಮಂದಿ ಶಾಲೆಗೆ ಬರುವ ಮೊದಲು ರೊಟ್ಟಿ ಬಡಿದು ಬರುತ್ತೇವೆ. ಹಂಚು ಕಾದಿದೆಯೇ ಎಂದು ನೀರು ಚಿಮುಕಿಸಿ ನೋಡುತ್ತೇವೆ, ರೊಟ್ಟಿಯನ್ನು ಕೈಯಿಂದಲೇ ತಿರುವುತ್ತೇವೆ. ಮುಂಗೈ ಮೇಲೆ ಹಂಚಿನ ಕಲೆ ಇಲ್ಲದವರು ಯಾರಾದರೂ ಇದ್ದರೆ ಮುಂದೆ ಬರಲಿ. ಆ ಕಲೆಗಳನ್ನು ಈವರೆಗೆ ಯಾರೂ ಸಭೆಯಲ್ಲಿ ಮಾತಾಡಿಲ್ಲ, ಒಲೆಗೆ ಯಾರೂ ಬೀಗ ಹಾಕಿಲ್ಲ. ಕೂಸಿಗೆ ಕಾಮಾಲೆ ಎಂದರೆ ಕಾಸಿದ ಬಳೆಯ ಚೂರಿನಿಂದ ಬರಿ ಕೊಡಿಸಿಕೊಂಡು ಬರುವವರು ಇನ್ನೂ ಇದ್ದಾರೆ. ಅದು ಕೂಸಿನ ಜೀವಕ್ಕೇ ಅಪಾಯ. ಅಲ್ಲಿ ಕಾದದ್ದನ್ನು ಕಂಡು ಹೆದರದವರು ಇಲ್ಲಿ ಮಾತ್ರ ಯಾಕೆ ಹೆದರುತ್ತಾರೆ?

ಹುಡುಗರು ಸೂಜಿ ಹಿಡಿಯಲಿ, ನಾವು ಕಾದ ಕಡ್ಡಿ ಹಿಡಿಯುತ್ತೇವೆ ಎಂದು ಜಗಳಕ್ಕೆ ಹೇಳುತ್ತಿಲ್ಲ. ಯಾರಿಗೆ ಯಾವುದು ಬರುತ್ತದೋ ಅದು. ನಮ್ಮ ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಸೂತಿ ಹಾಕುವವನು ಒಬ್ಬ ಹುಡುಗ. ಹೆಸರು ಬರೆದರೆ ಈ ಹಾಳೆ ಹರಿಯುತ್ತಾನೆ.

ಇನ್ನು ಆ ಆಗಸ್ಟ್ ತಿಂಗಳ ದಿನದ ಬಗ್ಗೆ. ಇಷ್ಟು ಬರೆದ ಮೇಲೆ ಇದನ್ನು ಬಿಟ್ಟರೆ ಅನ್ಯಾಯ ಆಗುತ್ತದೆ. ಎಂಟನೆಯ ತರಗತಿಯ ಆ ಹುಡುಗಿ ಗಡಿಬಿಡಿ ಸ್ವಭಾವದವಳು, ಅದಕ್ಕೇ ಸುಟ್ಟುಕೊಂಡಳು ಎಂದು ಎಲ್ಲರೂ ಹೇಳುತ್ತಾರೆ. ನಾನೂ ಕೇಳಿ ಸುಮ್ಮನಿದ್ದೆ. ನಿಜ ಏನೆಂದರೆ, ಎರಡು ಐರನ್ನಿಗೆ ನಮ್ಮಲ್ಲಿ ಇದ್ದದ್ದು ಒಂದೇ ಸ್ಟ್ಯಾಂಡು. ಬೆಲ್ ಆಯಿತು, ಬಿಸಿಯೂಟಕ್ಕೆ ಸಾಲು ಹಚ್ಚಬೇಕು. ನಾನು ನನ್ನ ಐರನ್ನಿನ ಸ್ವಿಚ್ಚು ಆರಿಸಿ ಬೆಂಚಿನ ಮೇಲೆ ಹಾಗೇ ಇಟ್ಟು ಓಡಿದೆ. ಸ್ವಿಚ್ಚು ಆರಿಸಿದರೆ ಕಾವು ಆರಿತು ಎಂದುಕೊಂಡೆ. ಕಾದ ಬಿಟ್ಟು ಬಿಸಿ ಇದೆ ಎಂದು ನೋಡಿದರೆ ತಿಳಿಯುವುದಿಲ್ಲ, ಕೆಂಪಗೆ ಹೊಳೆಯುವುದಿಲ್ಲ. ಅವಳು ಹಲಗೆಗಳನ್ನು ಜೋಡಿಸಿಡಲು ಬಂದು ಅದನ್ನು ಪೆನ್ನು ಎತ್ತಿದಂತೆ ಎತ್ತಿದಳು. ಯಾರು ಇಟ್ಟಿದ್ದು ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಇಟ್ಟವಳು ನಾನು.

ಅವಳಿಗೆ ಮೊನ್ನೆ ಹೇಳಿದೆ. "ನನಗ ಗೊತ್ತಿತ್ತ ಅಕ್ಕಾ" ಅಂದಳು. ಅಷ್ಟೇ ಅಂದಳು. ಮೂರು ತಿಂಗಳು ಅವಳೂ ಹೇಳಿರಲಿಲ್ಲ.

ಅವತ್ತು ಸುಟ್ಟ ಕೈಗೆ ಒಬ್ಬರು ಟೂತ್‌ಪೇಸ್ಟ್ ಬಳಿದರು, ಇನ್ನೊಬ್ಬರು ಅದರ ಮೇಲೆ ಮಸಿ ಸುರಿದರು. ಆರೋಗ್ಯ ಕೇಂದ್ರದ ನರ್ಸಮ್ಮ ಅದನ್ನೆಲ್ಲ ತೊಳೆಯುವಾಗಲೇ ಅವಳು ಹೆಚ್ಚು ಅತ್ತದ್ದು. ಸುಟ್ಟರೆ ತಕ್ಷಣ ಹರಿಯುವ ತಣ್ಣನೆಯ ನೀರಿಗೆ ಇಪ್ಪತ್ತು ನಿಮಿಷ ಕೈ ಹಿಡಿಯಬೇಕು, ಗಡಿಯಾರ ನೋಡಿ ಇಪ್ಪತ್ತು ನಿಮಿಷ. ಬಳೆ, ಉಂಗುರ ಮೊದಲೇ ತೆಗೆಯಬೇಕು, ಆಮೇಲೆ ಊದಿಕೊಳ್ಳುತ್ತದೆ. ಪೇಸ್ಟು, ಮಸಿ, ತುಪ್ಪ, ಮಂಜುಗಡ್ಡೆ ಯಾವುದೂ ಬೇಡ. ಗುಳ್ಳೆ ಒಡೆಯಬಾರದು. ಸ್ವಚ್ಛ ಬಟ್ಟೆ ಸಡಿಲಾಗಿ ಮುಚ್ಚಿ ಆಸ್ಪತ್ರೆಗೆ. ನಲ್ಲಿ ಇರುವುದು ಕೋಣೆಯಿಂದ ದೂರ, ಆದ್ದರಿಂದ ಬರೆಯುವ ದಿನ ಕೋಣೆಯೊಳಗೇ ಎರಡು ಕೊಡ ನೀರು ತುಂಬಿಡಬೇಕು. ಕೊಡ ಹೊರುವ ಕೆಲಸ ಹುಡುಗರು ಮಾಡಲಿ, ಇದನ್ನು ಜಗಳಕ್ಕೇ ಹೇಳುತ್ತಿದ್ದೇನೆ.

ಬೀಗ ತೆರೆದರು ಎಂದೇ ಇಟ್ಟುಕೊಂಡು, ಹೊಸದಾಗಿ ಶುರು ಮಾಡುವವರಿಗೆ ನಾನು ಕಲಿತದ್ದನ್ನು ಹೇಳುತ್ತೇನೆ.

ಮೊದಲು ಮರ. ತೆಳು ಬಣ್ಣದ, ಒತ್ತಾದ ಎಳೆಯ ಮರ ಬೇಕು. ಚನ್ನಪಟ್ಟಣದ ಗೊಂಬೆಗೆ ಬಳಸುವ ಆಲೆ ಮರ ಹಾಲಿನಂತೆ ಬಿಳಿ, ಬರೆಯಲು ಬಹಳ ಒಳ್ಳೆಯದು, ಆದರೆ ನಮ್ಮ ಕಡೆ ಸುಲಭಕ್ಕೆ ಸಿಗುವುದಿಲ್ಲ. ನಮಗೆ ಮಾವು ಸಾಕು. ಸಾಗವಾನಿ ಬೆಲೆಯೂ ಹೆಚ್ಚು, ಎಣ್ಣೆಯೂ ಇದೆ, ಮೊದಲೇ ಕಂದು ಬಣ್ಣ, ಅದರ ಮೇಲೆ ಕಂದು ಗೆರೆ ಎದ್ದು ಕಾಣುವುದಿಲ್ಲ. ಜಾಲಿಯ ಕೆಚ್ಚು ಕಪ್ಪು, ಕಲ್ಲಿನಂತೆ ಗಟ್ಟಿ. ನೀಲಗಿರಿ ಸೀಳುತ್ತದೆ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆ ಪುಕ್ಕಟೆ ಸಿಗುತ್ತದೆ, ಬಣ್ಣವೂ ಬಿಳಿ. ಆದರೆ ಅದರಲ್ಲಿ ಒಂದು ಪಟ್ಟಿ ಮೆತ್ತಗೆ, ಒಂದು ಪಟ್ಟಿ ಗಟ್ಟಿ. ಗೆರೆ ಮೆತ್ತನೆಯ ಕಡೆ ಇಳಿಯುತ್ತದೆ, ಗಟ್ಟಿ ಕಡೆ ಜಿಗಿಯುತ್ತದೆ, ಎತ್ತಿನ ಗಾಡಿ ಕೊರಕಲಿನಲ್ಲಿ ಹೋದಂತೆ. ಕಲಿಯುವಾಗ ಪರವಾಗಿಲ್ಲ.

ಬೇಡವಾದದ್ದು ಇದಕ್ಕಿಂತ ಮುಖ್ಯ. ಬಣ್ಣ, ವಾರ್ನಿಷ್ ಬಳಿದ ಹಲಗೆ ಸುಡಬಾರದು. ಪ್ಲೈವುಡ್ಡು, ಎಂಡಿಎಫ್ ಹಲಗೆಯಲ್ಲಿ ಅಂಟು ಇರುತ್ತದೆ, ಸುಟ್ಟರೆ ಅದರ ಹೊಗೆ ಕಣ್ಣು ಗಂಟಲು ಉರಿಸುತ್ತದೆ, ಒಳ್ಳೆಯದಲ್ಲ. ಹುಳ ಹಿಡಿಯದಂತೆ ಔಷಧ ಹೊಡೆದ ಮರವೂ ಬೇಡ. ಕಾಡಿನ ಕಡೆಯಿಂದ ತಂದ ಗುರುತಿಲ್ಲದ ತುಂಡು ಬೇಡವೇ ಬೇಡ, ಕರಿಗೇರಿನಂಥ ಮರದ ಹಾಲು ತಗುಲಿದರೆ ಮೈ ಗುಳ್ಳೆ ಏಳುತ್ತದೆ. ಮೊದಲು ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದದ್ದು ಅದರ ಬೀಜದ ರಸದಿಂದಲೇ.

ಹಲಗೆಯನ್ನು ಎಳೆಯ ಗುಂಟ 80 ನಂಬರ್ ಪಾಲಿಶ್ ಪೇಪರಿನಿಂದ ಉಜ್ಜಿ, ಆಮೇಲೆ 120, ಆಮೇಲೆ 220. ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ಮರದ ರೋಮ ಎದ್ದು ನಿಲ್ಲುತ್ತದೆ, ಇನ್ನೊಮ್ಮೆ 220. ಈ ಕೆಲಸ ಬೇಜಾರು, ಎಲ್ಲರೂ ತಪ್ಪಿಸಿಕೊಳ್ಳುತ್ತಾರೆ, ತಪ್ಪಿಸಿಕೊಂಡವರ ಗೆರೆ ನೋಡಿದರೆ ಗೊತ್ತಾಗುತ್ತದೆ. ಚಿತ್ರ ಇಳಿಸಲು ಕಾರ್ಬನ್ ಹಾಳೆ ಬಳಸಬೇಡಿರಿ, ಅದರ ನೀಲಿ ಹೋಗುವುದಿಲ್ಲ. ಕಾಗದದ ಬೆನ್ನಿಗೆ ಪೆನ್ಸಿಲ್ ತಿಕ್ಕಿ, ಮೇಲಿಂದ ತಿದ್ದಿದರೆ ತೆಳ್ಳಗೆ ಮೂಡುತ್ತದೆ. ಉಳಿದದ್ದನ್ನು ರಬ್ಬರಿನಿಂದ ಅಳಿಸಬಹುದು.

ಬರೆಯುವಾಗ ಒತ್ತಬೇಡಿ. ಕೆಲಸ ಮಾಡುವುದು ಕಾವು, ತೋಳಿನ ಬಲ ಅಲ್ಲ. ತುದಿಯನ್ನು ದೂಡಬೇಡಿ, ನಿಮ್ಮ ಕಡೆ ಎಳೆಯಿರಿ. ಗೆರೆಯ ಶುರುವಿನಲ್ಲಿ ದುಂಡಗೆ ಕಪ್ಪು ಚುಕ್ಕೆ ಬೀಳುವುದು ಎಲ್ಲ ಹೊಸಬರ ಗೋಳು. ತುದಿಯನ್ನು ಇಟ್ಟು ಆಮೇಲೆ ಜರುಗಿಸುವುದರಿಂದ ಹಾಗಾಗುತ್ತದೆ. ಕೈ ಜರುಗುತ್ತಿರುವಾಗಲೇ ತುದಿ ಮುಟ್ಟಬೇಕು, ಜರುಗುತ್ತಿರುವಾಗಲೇ ಏಳಬೇಕು, ಕೊಕ್ಕರೆ ಕೆರೆಯ ಮೇಲೆ ಇಳಿದಂತೆ. ನಿಧಾನಕ್ಕೆ ಹೋದರೆ ಕಪ್ಪು, ಬೇಗ ಹೋದರೆ ತಿಳಿ. ಮೊದಲ ದಿನ ಚಿತ್ರಕ್ಕೆ ಕೈ ಹಾಕದೆ ಒಂದು ತುಂಡಿನ ಮೇಲೆ ಬರೀ ಗೆರೆ ಎಳೆಯಿರಿ, ತಿಳಿಯಿಂದ ಕಪ್ಪಿನವರೆಗೆ ಎಂಟು ಬಣ್ಣ ಬರುತ್ತದೆಯೇ ನೋಡಿರಿ. ನನಗೆ ಐದೇ ಬರುತ್ತವೆ. ಸುಟ್ಟದ್ದನ್ನು ಅಳಿಸಲು ಆಗುವುದಿಲ್ಲ, ಆದ್ದರಿಂದ ತಿಳಿಯಾಗಿ ಬರೆದು ಮೇಲೆ ಮೇಲೆ ಕಪ್ಪು ಮಾಡುತ್ತ ಹೋಗಬೇಕು. ತುದಿಗೆ ಮಸಿ ಕಟ್ಟಿದರೆ ಗೆರೆ ಹರಿಯುವುದಿಲ್ಲ, ಆಗಾಗ ಹಳೆಯ ಚರ್ಮದ ತುಂಡಿಗೆ ಒರೆಸಿರಿ. ಚಪ್ಪಲಿ ಹೊಲಿಯುವ ಕಾಕಾನ ಹತ್ತಿರ ಚೂರು ಸಿಗುತ್ತವೆ. ಬಟ್ಟೆಗೆ ಒರೆಸಬೇಡಿರಿ.

ಹೊಗೆಯ ಮೇಲೆ ಬಾಗಬಾರದು. ಎರಡೂ ಕಡೆ ಕಿಟಕಿ ತೆರೆದಿರಬೇಕು. ಫ್ಯಾನಿನ ಗಾಳಿ ತುದಿಗೆ ನೇರ ಬಡಿದರೆ ಅದು ಆರುತ್ತದೆ, ಹೊಗೆಯನ್ನು ಮಾತ್ರ ಪಕ್ಕಕ್ಕೆ ಎಳೆಯುವಂತೆ ಇಡಬೇಕು. ಜಡೆ ಹಿಂದಕ್ಕೆ, ವೇಲು ಬಿಗಿಯಾಗಿ, ನೈಲಾನ್ ಬಟ್ಟೆ ಬೇಡ.

ಮುಗಿದ ಹಲಗೆಗೆ ಅಗಸಿ ಎಣ್ಣೆ ತೆಳ್ಳಗೆ ಹಚ್ಚಿದರೆ ಬಣ್ಣ ತೆರೆಯುತ್ತದೆ. ನಮ್ಮ ಕಡೆ ಅಗಸಿಗೆ ಬರವಿಲ್ಲ. ಆದರೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಒಗೆಯಬೇಡಿರಿ. ಅಗಸಿ ಎಣ್ಣೆ ಒಣಗುವಾಗ ತಾನೇ ಬಿಸಿಯಾಗುತ್ತದೆ, ಮುದ್ದೆಯೊಳಗೆ ಕಾವು ಕೂಡಿ ಬಟ್ಟೆಗೆ ತಾನೇ ಬೆಂಕಿ ಹತ್ತಬಹುದು. ಹೊರಗೆ ಹರವಿ ಒಣಗಿಸಬೇಕು. ಹಲಗೆಯನ್ನು ಮಾತ್ರ ಸದಾ ಬಿಸಿಲು ಬೀಳುವ ಗೋಡೆಗೆ ನೇತುಹಾಕಬೇಡಿ, ತಿಳಿ ನೆರಳುಗಳು ಮಾಸುತ್ತವೆ.

ಇದರಿಂದ ಹೊಟ್ಟೆ ತುಂಬುತ್ತದೆಯೇ ಎಂದು ಕೇಳುವವರೂ ಇದ್ದಾರೆ. ತುಂಬುತ್ತದೆ ಎಂದು ನಾನು ಸುಳ್ಳು ಹೇಳುವುದಿಲ್ಲ. ಟ್ರ್ಯಾಕ್ಟರು ಬಂದ ಮೇಲೆ ನೊಗ ಮಾಡಿಸುವವರಿಲ್ಲ, ಬಾಗಿಲೂ ಪ್ಲಾಸ್ಟಿಕ್ಕಿನವು ಬಂದವು, ಅಪ್ಪ ಈಗ ವಾರದಲ್ಲಿ ಮೂರು ದಿನ ಬೇರೆಯವರ ಹೊಲಕ್ಕೆ ಹೋಗುತ್ತಾನೆ. ಹೋದ ದೀಪಾವಳಿಗೆ ನಾನು ಒಂದು ಮನೆಯ ಹೆಸರಿನ ಹಲಗೆ ಬರೆದು ಕೊಟ್ಟೆ. ಅವರು ಇನ್ನೂರೈವತ್ತು ರೂಪಾಯಿ ಕೊಟ್ಟರು. ಅಪ್ಪ ಆ ನೋಟುಗಳನ್ನು ತಿರುವಿ ತಿರುವಿ ನೋಡಿ, "ಅಪ್ಪಾರು ಇದ್ದಿದ್ರ ಪುಕ್ಕಟೆ ಬರದ ಕೊಡ್ತಿದ್ರು" ಎಂದು ನಕ್ಕ. ನಾವು ಕಲಘಟಗಿ ತೊಟ್ಟಿಲಿನ ಸೀಮೆಯವರು, ಮರಕ್ಕೆ ಕೈ ಕೆಲಸ ಸೇರಿದರೆ ಬೆಲೆ ಹೇಗೆ ಏರುತ್ತದೆ ಎಂದು ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ.

ಸಮಿತಿಯವರಲ್ಲಿ ನನ್ನ ವಿನಂತಿ. ಎಂಟನೆಯ ತರಗತಿಗಿಂತ ಚಿಕ್ಕವರಿಗೆ ಬೇಡ, ಒಪ್ಪುತ್ತೇನೆ. ಒಂದು ಸಲಕ್ಕೆ ಆರು ಮಂದಿ, ಪ್ರತಿ ಐರನ್ನಿಗೆ ಒಂದು ಸ್ಟ್ಯಾಂಡು, ಸರ್ ಇಲ್ಲದೆ ಸ್ವಿಚ್ಚು ಹಾಕುವಂತಿಲ್ಲ, ಬಿಸಿಯೂಟಕ್ಕೆ ಇಪ್ಪತ್ತು ನಿಮಿಷ ಮೊದಲೇ ಎಲ್ಲ ಆರಿಸುವುದು, ಆರುವವರೆಗೆ ಒಬ್ಬರು ಕಾವಲು ಕೂರುವುದು. ಮೊದಲ ತಿಂಗಳ ಕಾವಲು ನಾನೇ ಕೂರುತ್ತೇನೆ, ಊಟ ಆಮೇಲೆ ಮಾಡುತ್ತೇನೆ. ಇಷ್ಟಾದ ಮೇಲೂ ಶಿಕ್ಷೆ ಬೇಕೆಂದರೆ ನನಗೊಬ್ಬಳಿಗೆ ಕಪಾಟು ಮುಚ್ಚಿರಿ. ಉಳಿದ ಹದಿನೈದು ಹಲಗೆಯವರು ಏನೂ ಮಾಡಿಲ್ಲ. ಆ ಎಂಟನೆಯವಳ ಹಲಗೆಯ ಮೇಲೆ ನವಿಲಿನ ಕತ್ತಿನವರೆಗೆ ಆಗಿದೆ. ಕೈ ವಾಸಿಯಾಗಿದೆ, ಗರಿ ಬರೆಯಬೇಕು ಅನ್ನುತ್ತಿದ್ದಾಳೆ.

ಮಾವಿನ ಹಲಗೆಯ ತುಂಡು ಮನೆಯಲ್ಲಿದ್ದವರು ಗುರುವಾರದೊಳಗೆ ತಂದು ಕೊಡಿರಿ. ಅಪ್ಪ ರಂದಾ ಹೊಡೆದು ಕೊಡುತ್ತೇನೆ ಎಂದಿದ್ದಾನೆ. ಮೊಳೆ ಇದ್ದರೆ ಮೊದಲೇ ಕಿತ್ತು ತನ್ನಿರಿ, ರಂದಾ ಹಲ್ಲು ಹೋದರೆ ಬೈಸಿಕೊಳ್ಳುವವಳು ನಾನು.

— ಹತ್ತನೆಯ ತರಗತಿ, 'ಬ' ವಿಭಾಗ